ಹೊರದೇಶಕ್ಕೆ ಮಿಷನರಿಯಾಗಿ ಹೋಗುವುದು ಅಂದರೆ ಏನು?

ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗ ಹುಡುಗಿಯರು ಹೊರದೇಶಕ್ಕೆ ಹೋಗುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ. ಓದಲು ಹೋಗುತ್ತಾರೆ, ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಾರೆ, ನರ್ಸಿಂಗ್ ಮುಗಿಸಿ ಗಲ್ಫ್‌ಗೆ ಹೋಗುತ್ತಾರೆ. ಆದರೆ ಕ್ರೈಸ್ತ ಮನೆಯ ಮಗನೋ ಮಗಳೋ "ಎರಡು ವರ್ಷ ಸೇವೆಗೆ ಹೋಗ್ತೀನಿ, ಮಿಷನರಿಯಾಗಿ" ಅಂದರೆ ಮನೆಯವರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಸಂಬಳ ಎಷ್ಟು? ಅಲ್ಲಿ ಯಾರು ನೋಡಿಕೊಳ್ಳುತ್ತಾರೆ? ದಿನವಿಡೀ ಏನು ಮಾಡುತ್ತಾರೆ? ಆ ದೇಶದ ಕಾನೂನು ಒಪ್ಪುತ್ತದೆಯೇ? ಪಕ್ಕದ ಮನೆಯವರಿಗೂ ಇದೇ ಕುತೂಹಲ. ಅವರು ಬೇರೆ ಧರ್ಮದವರಾಗಿದ್ದರೆ ಪ್ರಶ್ನೆಗಳು ಇನ್ನೂ ಜಾಸ್ತಿ.

ಈ ಪ್ರಶ್ನೆಗಳಿಗೆಲ್ಲ ಉತ್ತರ ಇದೆ. ಉತ್ತರ ಗೊತ್ತಿಲ್ಲದೆ ಸುಮ್ನೆ ಹೆದರುವ ಅಪ್ಪ ಅಮ್ಮಂದಿರಿದ್ದಾರೆ. ಏನೂ ವಿಚಾರಿಸದೆ ಹೊರಟು ಅಲ್ಲಿ ಹೋಗಿ ಕಷ್ಟಪಡುವ ಮಕ್ಕಳೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲಿ ಎಂದು ಮೊದಲಿನಿಂದ ಹೇಳುತ್ತೇನೆ.

ಮಿಷನರಿ ಯಾರು?

ಒಂದು ಸಭೆಯೋ (ಸಭೆ ಅಂದರೆ ಇಲ್ಲಿ ಚರ್ಚು, ಅದಕ್ಕೆ ಸೇರಿದ ಕ್ರೈಸ್ತ ಸಮುದಾಯ) ಸಂಸ್ಥೆಯೋ ಕಳಿಸಿದ ಕಡೆ ಹೋಗಿ, ಅಲ್ಲಿಯ ಜನರ ನಡುವೆ ಇದ್ದು, ತನ್ನ ನಂಬಿಕೆಯ ಸಲುವಾಗಿ ಕೆಲಸ ಮಾಡುವವರು ಮಿಷನರಿ. ಆ ಕೆಲಸ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳುವುದೇ ಆಗಬೇಕೆಂದಿಲ್ಲ. ಶಾಲೆಯಲ್ಲಿ ಪಾಠ ಮಾಡುವುದು, ಆಸ್ಪತ್ರೆಯಲ್ಲಿ ದುಡಿಯುವುದು, ಅನಾಥ ಮಕ್ಕಳನ್ನು ನೋಡಿಕೊಳ್ಳುವುದು, ಇರುವ ಚರ್ಚಿನ ಯುವಕರಿಗೆ ತರಬೇತಿ ಕೊಡುವುದು, ಬೈಬಲನ್ನು ಅಲ್ಲಿಯ ಭಾಷೆಗೆ ತರುವುದು ಎಲ್ಲವೂ ಇದರಲ್ಲಿ ಬರುತ್ತವೆ.

ಪಾಸ್ಟರ್ ಅಥವಾ ಫಾದರ್ ಸಾಮಾನ್ಯವಾಗಿ ಒಂದು ಊರಿನ ಸಭೆಯನ್ನು ನೋಡಿಕೊಳ್ಳುತ್ತಾರೆ. ಮಿಷನರಿ ತನ್ನ ಊರು ಬಿಟ್ಟು ಇನ್ನೊಂದು ಭಾಷೆ, ಇನ್ನೊಂದು ರೀತಿ ನೀತಿಯ ಜನರ ಬಳಿಗೆ ಹೋಗುತ್ತಾರೆ. ಮಿಷನರಿ ಪಾದ್ರಿಯೇ ಆಗಿರಬೇಕಿಲ್ಲ. ಡಾಕ್ಟರ್, ಮೇಷ್ಟ್ರು, ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ, ಯಾರಾದರೂ ಆಗಬಹುದು.

ನಮ್ಮ ಊರಿಗೆ ಇದು ಹೊಸದಲ್ಲ

ಈ ವಿಷಯ ಅರ್ಥವಾಗಲು ಬಳ್ಳಾರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಲ್ಲಿಗೆ ಒಂದು ಕಾಲದಲ್ಲಿ ಹೊರದೇಶದ ಯುವಕರು ಮಿಷನರಿಗಳಾಗಿ ಬಂದರು. ಈಗ ಇಲ್ಲಿಂದ ಹೊರಗೆ ಹೋಗುವ ಕಾಲ.

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹತ್ತು ವರ್ಷಕ್ಕೆ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಕಂಪನಿ ಸರ್ಕಾರವೇ ಮಿಷನರಿಗಳನ್ನು ಕೈ ಬೀಸಿ ಕರೆಸಿಕೊಂಡಿತು ಎಂದು ತುಂಬಾ ಜನ ತಿಳಿದಿದ್ದಾರೆ. ಆದರೆ ಆಗಿನ ಕಂಪನಿಗೆ ಅವರ ಮೇಲೆ ಅನುಮಾನವೇ ಜಾಸ್ತಿ ಇತ್ತು. ಜನ ರೊಚ್ಚಿಗೆದ್ದರೆ ವ್ಯಾಪಾರ, ಆಡಳಿತ ಎರಡೂ ಕೆಡುತ್ತವೆ ಎಂಬ ಭಯ. ಬ್ರಿಟಿಷ್ ಸಂಸತ್ತು ಕಂಪನಿಗಾಗಿ ಮಾಡಿದ 1813ರ ಚಾರ್ಟರ್ ಕಾಯ್ದೆ ಬಂದ ಮೇಲೆಯೇ ಪರವಾನಗಿ ಪಡೆದು ಬರುವ ದಾರಿ ತೆರೆಯಿತು. ಹಾಗೆಂದು ಬ್ರಿಟಿಷ್ ಆಳ್ವಿಕೆಗೂ ಮಿಷನರಿಗಳಿಗೂ ಸಂಬಂಧವೇ ಇರಲಿಲ್ಲ ಅನ್ನಲಾಗದು. ಆಳುವವರ ದೇಶದವರು ಎಂಬ ಬಲ ಅವರ ಬೆನ್ನಿಗೆ ಇದ್ದೇ ಇತ್ತು. ಮಿಷನರಿ ಎಂಬ ಮಾತು ಕೇಳಿದರೆ ಇಂದಿಗೂ ಹಲವರಿಗೆ ಸಂಶಯ ಬರುವುದಕ್ಕೆ ಆ ಕಾಲದ ನೆನಪೂ ಒಂದು ಕಾರಣ.

ಹ್ಯಾಂಡ್ಸ್ ಅವರ ಬಹುಪಾಲು ವರ್ಷಗಳು ಕಳೆದದ್ದು ಕನ್ನಡ ಕಲಿಯುವುದರಲ್ಲಿ, ಶಾಲೆ ನಡೆಸುವುದರಲ್ಲಿ, ಅನುವಾದದಲ್ಲಿ. ಇಂಗ್ಲಿಷಿನವರು ಕನ್ನಡ ಕಲಿಯಲು ಅಚ್ಚಾದ ನಿಘಂಟು ಆಗ ಇರಲಿಲ್ಲ. ಊರಿನ ಪಂಡಿತರ ಮುಂದೆ ಕೂತೇ ಕಲಿಯಬೇಕಿತ್ತು. ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿದ್ದು 1831ರ ಹೊತ್ತಿಗೆ. ಅಂದರೆ ಸುಮಾರು ಇಪ್ಪತ್ತು ವರ್ಷದ ಕೆಲಸ. ಅದರಲ್ಲಿ ಜೊತೆಯಾದ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಬಳ್ಳಾರಿಯವರಿಗೆಲ್ಲ ಗೊತ್ತಿರುವ ವಾರ್ಡ್‌ಲಾ ಶಾಲೆಯ ಬೇರು ಇರುವುದೂ ಇದೇ ಲಂಡನ್ ಮಿಷನ್ನಿನಲ್ಲಿ.

ಕರಾವಳಿ, ಧಾರವಾಡದ ಕಡೆ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಂದಾಗ ಅವರಿಗೆ 25 ವರ್ಷ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ 21. ನಮ್ಮ ಕಡೆ ಆ ವಯಸ್ಸಿಗೆ ಮಕ್ಕಳು ಡಿಗ್ರಿಯ ಕೊನೆಯ ವರ್ಷದಲ್ಲಿರುತ್ತಾರೆ, ಅಲ್ವಾ? ಮೊಗ್ಲಿಂಗ್ 1843ರಲ್ಲಿ ಶುರು ಮಾಡಿದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಅಚ್ಚಾಯಿತು. ಕಿಟೆಲ್ ಅವರ ನಿಘಂಟು ಹೊರಬಂದದ್ದು 1894ರಲ್ಲಿ, ಅವರು ಇಲ್ಲಿಗೆ ಕಾಲಿಟ್ಟ ನಾಲ್ಕು ದಶಕದ ನಂತರ.

ಬಂದವರೆಲ್ಲ ಬಿಳಿಯರೇ ಆಗಿರಲಿಲ್ಲ. ಲಂಡನ್ ಮಿಷನ್ನಿನ ಭಾರತೀಯ ಪಾದ್ರಿ ಸ್ಯಾಮ್ಯುಯೆಲ್ ಫ್ಲಾವೆಲ್ ದಕ್ಷಿಣದಿಂದ ಬಂದು ಬಳ್ಳಾರಿಯಲ್ಲಿ ಸೇವೆ ಮಾಡಿ, 1847ರಲ್ಲಿ ಇಲ್ಲೇ ಕಾಲರಾದಿಂದ ತೀರಿಕೊಂಡರು. ಇಂಥವರ ಹೆಸರು ಜನರ ಬಾಯಲ್ಲಿ ಉಳಿದಿಲ್ಲ. ಉಳಿಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಕ್ಯಾಥೋಲಿಕ್ ಸಮುದಾಯ, ಅಂದರೆ ರೋಮಿನ ಪೋಪರನ್ನು ಮುಖ್ಯಸ್ಥರೆಂದು ಒಪ್ಪುವ ಕ್ರೈಸ್ತರು, ಇದಕ್ಕೂ ಹಳೆಯದು. ಆದಿಲ್‌ಶಾಹಿಗಳ ಕಾಲದಲ್ಲಿ ಗೋವಾ ಕಡೆಯಿಂದ ಬಂದ ಜೆಸ್ವಿಟ್ (ಕ್ಯಾಥೋಲಿಕರ ಒಂದು ಸಂನ್ಯಾಸಿ ಸಂಘ) ಪಾದ್ರಿಗಳ ಕೆಲಸದಿಂದ ಬೆಳೆದದ್ದು.

ಮುಂದೆ ಏನಾಯಿತು? 1947ರಲ್ಲಿ ದಕ್ಷಿಣ ಭಾರತದ ಹಲವು ಪ್ರೊಟೆಸ್ಟೆಂಟ್ (ಪೋಪರ ಅಧಿಕಾರ ಒಪ್ಪದ) ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಆಯಿತು. ಹ್ಯಾಂಡ್ಸ್ ಅವರನ್ನು ಕಳಿಸಿದ ಲಂಡನ್ ಸೊಸೈಟಿ ಕೂಡ ಬದಲಾಗುತ್ತಾ ಬಂದು 1977ರಲ್ಲಿ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಎಂಬ ಒಕ್ಕೂಟದ ರೂಪ ಪಡೆಯಿತು. ಒಂದು ದೇಶ ಕಳಿಸುವುದು, ಉಳಿದವರು ಪಡೆಯುವುದು ಎಂಬ ಹಳೆಯ ಪದ್ಧತಿ ಬಿಟ್ಟು, ಎಲ್ಲ ಸಭೆಗಳೂ ಕಳಿಸಲಿ, ಎಲ್ಲವೂ ಪಡೆಯಲಿ ಎಂದು ತೀರ್ಮಾನಿಸಿದರು. 2012ರಲ್ಲಿ ಅದರ ಕಚೇರಿ ಲಂಡನ್ನಿನಿಂದ ಸಿಂಗಾಪುರಕ್ಕೇ ಬಂತು. ಸಿ.ಎಸ್.ಐ. ಅದರ ಸದಸ್ಯ ಸಭೆಗಳಲ್ಲಿ ಒಂದು. ಯುವಜನರನ್ನು ಬೇರೆ ದೇಶಗಳಿಗೆ ಕರೆದೊಯ್ದು ತರಬೇತಿ ಕೊಡುವ ಕಾರ್ಯಕ್ರಮವನ್ನೂ ಅದು ನಡೆಸುತ್ತದೆ. ಬಳ್ಳಾರಿಯ ಹುಡುಗಿಯೊಬ್ಬಳು ಇವತ್ತು ಹೊರದೇಶಕ್ಕೆ ಸೇವೆಗೆ ಹೊರಟರೆ ಅದರ ಹಿಂದೆ ಇಷ್ಟು ಉದ್ದದ ದಾರಿ ಇದೆ.

ಕಳಿಸುವವರು ಯಾರು, ಅಲ್ಲಿ ಯಾರ ಮಾತು ಕೇಳಬೇಕು?

ಸರ್ಕಾರಿ ನೌಕರರ ನಿಯೋಜನೆ ಗೊತ್ತಲ್ಲ? ಮೇಷ್ಟ್ರು ಶಿಕ್ಷಣ ಇಲಾಖೆಯವರೇ ಆಗಿರುತ್ತಾರೆ, ಆದರೆ ಕೆಲವು ವರ್ಷ ಇನ್ನೊಂದು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಮೂಲ ಇಲಾಖೆಯ ನಂಟು ಹೋಗುವುದಿಲ್ಲ, ದಿನದ ಕೆಲಸ ಮಾತ್ರ ಅಲ್ಲಿಯ ಅಧಿಕಾರಿ ಹೇಳಿದಂತೆ. ಮಿಷನರಿಯ ಸ್ಥಿತಿಯೂ ಹೆಚ್ಚುಕಡಿಮೆ ಹೀಗೇ. ಆರಿಸುವುದು, ತರಬೇತಿ, ಖರ್ಚು, ವಿಮೆ ಕಳಿಸಿದವರ ಜವಾಬ್ದಾರಿ. ಮನೆ, ಕೆಲಸ, ದಿನದ ಮೇಲ್ವಿಚಾರಣೆ ಬರಮಾಡಿಕೊಂಡ ಸಭೆಯದು. ಯಾವುದು ಯಾರ ಪಾಲಿಗೆ ಎಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಜಗಳ ಶುರುವಾಗುವುದು ಇಲ್ಲೇ.

ಕ್ಯಾಥೋಲಿಕರಲ್ಲಿ ಈ ದಾರಿ ಉದ್ದ. ಫಾದರ್ ಆಗಲು ಸಭೆಯ ನಿಯಮದ ಪ್ರಕಾರ ಕನಿಷ್ಠ 25 ವರ್ಷ ಆಗಿರಬೇಕು. ಸಿಸ್ಟರ್, ಅಂದರೆ ಸಂನ್ಯಾಸಿನಿ, ಆಗುವವರು ಮೊದಲು ಕಡಿಮೆ ಅಂದರೆ ಒಂದು ವರ್ಷದ ನೊವಿಶಿಯೇಟ್ (ಸಂನ್ಯಾಸಕ್ಕೆ ಮುಂಚಿನ ತರಬೇತಿ) ಮುಗಿಸಬೇಕು. ಆಮೇಲೆ ಕೆಲವು ವರ್ಷಗಳ ಮಟ್ಟಿಗೆ ವ್ರತ, ಅಂದರೆ ಸಂನ್ಯಾಸದ ಪ್ರತಿಜ್ಞೆ, ಅದಾದ ಮೇಲೆ ಆಜೀವ ವ್ರತ. ನಡುವೆ ಬೇಡ ಅನ್ನಿಸಿದರೆ ಹಿಂದೆ ಸರಿಯಬಹುದು. ಎಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸುವುದು ಆಯಾ ಸಂಸ್ಥೆಯ ಮೇಲಿನವರು. ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪರ ಆಡಳಿತಕ್ಕೆ ಒಳಪಟ್ಟ ಪ್ರದೇಶ) ಸೇರಿದ ಫಾದರ್‌ಗಳನ್ನೂ ಬಿಷಪರ ಒಪ್ಪಿಗೆಯ ಮೇಲೆ ಕೆಲವು ವರ್ಷ ಬೇರೆ ದೇಶದ ಧರ್ಮಕ್ಷೇತ್ರಕ್ಕೆ ಕಳಿಸುವುದುಂಟು. ಯುರೋಪಿನಲ್ಲಿ ಫಾದರ್ ಆಗುವವರು ಕಡಿಮೆಯಾಗಿದ್ದಾರೆ. ಹಾಗಾಗಿ ಜರ್ಮನಿಯಂಥ ದೇಶದ ಚರ್ಚುಗಳಲ್ಲಿ ಈಗ ಎಷ್ಟೋ ಭಾರತೀಯ ಫಾದರ್‌ಗಳಿದ್ದಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರುತ್ತವೆ. ಏನೇ ಅನುಮಾನ ಇದ್ದರೂ ಬಿಷಪರ ಕಚೇರಿಯಲ್ಲಿ ಕೇಳಬಹುದು.

ಪ್ರೊಟೆಸ್ಟೆಂಟರಲ್ಲಿ ಬಗೆಗಳು ಹಲವು. ಸಿ.ಎಸ್.ಐ., ಮೆಥಡಿಸ್ಟ್‌ನಂಥ ದೊಡ್ಡ ಸಭೆಗಳು ತಮ್ಮ ಒಕ್ಕೂಟಗಳ ಮೂಲಕ ಕಳಿಸುತ್ತವೆ. ಯಾವ ಒಂದು ಸಭೆಗೂ ಸೇರದ ಸಂಸ್ಥೆಗಳೂ ಇವೆ. 1960ರಲ್ಲಿ ಶುರುವಾದ ಯೂತ್ ವಿತ್ ಎ ಮಿಷನ್ ಅಂಥದ್ದು. ಅಲ್ಲಿ ಕೆಲವು ತಿಂಗಳ ತರಗತಿ, ಅದರ ಬೆನ್ನಿಗೇ ಇನ್ನೊಂದು ಊರಿಗೋ ದೇಶಕ್ಕೋ ಪ್ರಯಾಣ. ನಮ್ಮ ಕಡೆ ಸ್ವತಂತ್ರ ಸಭೆಗಳೂ ಬಹಳ. ಇಲ್ಲಿ ಮಾತ್ರ ಜಾಸ್ತಿ ವಿಚಾರಿಸಬೇಕು. ಒಬ್ಬ ಪಾಸ್ಟರ್‌ಗೆ ಹೊರದೇಶದ ಇನ್ನೊಬ್ಬ ಪಾಸ್ಟರ್ ಪರಿಚಯ ಇದ್ದಾರೆ ಎಂಬುದೊಂದೇ ಆಧಾರವಾದರೆ, ಆ ಮಗು ಅಲ್ಲಿ ಕಾಯಿಲೆ ಬಿದ್ದ ದಿನ ಕೇಳುವವರು ಯಾರು?

ಬೆಂಗಳೂರಿನಲ್ಲಿ ಬಿಳಿ ಅಂಗಿ, ಟೈ, ಎದೆಗೆ ಕಪ್ಪು ಹೆಸರಿನ ಬಿಲ್ಲೆ ಹಾಕಿಕೊಂಡ ಇಬ್ಬರು ಹುಡುಗರನ್ನು ನೀವು ನೋಡಿರಬಹುದು. ಅವರು ಮಾರ್ಮನ್ ಎಂದು ಜನ ಕರೆಯುವ, ಅಮೆರಿಕದಲ್ಲಿ ಹುಟ್ಟಿದ ಲ್ಯಾಟರ್ ಡೇ ಸೇಂಟ್ಸ್ ಸಭೆಯವರು. ಬೇರೆ ಎಷ್ಟೋ ಕ್ರೈಸ್ತ ಸಭೆಗಳು ಇವರ ಬೋಧನೆಯನ್ನು ಒಪ್ಪುವುದಿಲ್ಲ. ಆದರೂ ಯುವಕರನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ಕ್ರಮವಾಗಿ ಕಳಿಸುವ ಸಭೆ ಇನ್ನೊಂದಿಲ್ಲ ಎನ್ನಬಹುದು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಹುಡುಗರು 18 ತುಂಬಿದರೆ ಹೋಗಬಹುದು. ಯಾವ ದೇಶ ಎಂದು ಅವರು ಆರಿಸುವಂತಿಲ್ಲ, ಪತ್ರ ಬಂದಾಗಲೇ ತಿಳಿಯುವುದು. ಯಾವಾಗಲೂ ಒಬ್ಬ ಜೊತೆಗಾರನ ಜತೆಗೇ ಇರಬೇಕು. ಮಿಷನರಿಯಾಗಿರುವಷ್ಟು ದಿನ ಪ್ರೀತಿ ಪ್ರೇಮಕ್ಕೆ ಅವಕಾಶ ಇಲ್ಲ. ವಾರಕ್ಕೆ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಫೋನ್ ಮಾಡಲು ಬಿಡುವು.

ಭಾಷೆಯೇ ಮೊದಲ ಕೆಲಸ

1928ರಲ್ಲಿ ಆಗ್ನೆಸ್ ಎಂಬ 18 ವರ್ಷದ ಹುಡುಗಿ ಯುರೋಪಿನ ಸ್ಕೋಪ್ಯೆ ಪಟ್ಟಣದ ಮನೆ ಬಿಟ್ಟು ಹೊರಟಳು. ಮೊದಲು ಹೋದದ್ದು ಐರ್ಲೆಂಡಿನ ಲೊರೆಟೊ ಸಿಸ್ಟರ್‌ಗಳ ಕಾನ್ವೆಂಟಿಗೆ, ಇಂಗ್ಲಿಷ್ ಕಲಿಯಲು. 1929ರ ಜನವರಿಯಲ್ಲಿ ಭಾರತಕ್ಕೆ ಬಂದು ಡಾರ್ಜಿಲಿಂಗ್‌ನಲ್ಲಿ ನೊವಿಶಿಯೇಟ್ ಮಾಡಿದಳು, ಬಂಗಾಳಿ ಕಲಿತಳು, ಕಲ್ಕತ್ತೆಯ ಶಾಲೆಯಲ್ಲಿ ಪಾಠ ಹೇಳಿದಳು. ಬೀದಿಯ ಬಡವರ ನಡುವೆ ಕೆಲಸ ಶುರುವಾದದ್ದು 1948ರಲ್ಲಿ. ಆಕೆಯೇ ಮದರ್ ತೆರೇಸಾ.

ಹೋದ ಮೊದಲ ವರ್ಷದಲ್ಲೇ ದೊಡ್ಡ ಕೆಲಸ ಮಾಡಿಬಿಡುತ್ತೇನೆ ಎಂದುಕೊಂಡು ಹೊರಡುವವರಿಗೆ ಇದನ್ನು ಹೇಳಬೇಕು. ಮೊದಲ ತಿಂಗಳುಗಳಲ್ಲಿ ಮಿಷನರಿ ಹೇಳುವುದಕ್ಕಿಂತ ಕೇಳುವುದೇ ಜಾಸ್ತಿ. ಅಂಗಡಿಯಲ್ಲಿ ಉಪ್ಪು ಕೇಳಲು ಬಾರದವರು ಅಲ್ಲಿಯವರ ಕಷ್ಟ ಸುಖ ಹೇಗೆ ತಿಳಿದಾರು? ನಮ್ಮ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ. ಬಳ್ಳಾರಿ, ರಾಯಚೂರಿನ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಒಂದೇ ಭಾಷೆಯ ಊರಿನಲ್ಲಿ ಬೆಳೆದವರಿಗಿಂತ ಹೊಸ ಭಾಷೆಗೆ ಇವರು ಬೇಗ ಬಾಯಿ ತೆರೆಯುತ್ತಾರೆ.

ಉಳಿದ ತರಬೇತಿಯಲ್ಲಿ ಬೈಬಲ್ ಅಧ್ಯಯನ, ಆ ದೇಶದ ಚರಿತ್ರೆ, ಅಲ್ಲಿಯ ಧರ್ಮಗಳ ಪರಿಚಯ, ಮಕ್ಕಳ ಜೊತೆ ನಡೆದುಕೊಳ್ಳುವ ನಿಯಮಗಳು, ಪ್ರಥಮ ಚಿಕಿತ್ಸೆ ಇರುತ್ತವೆ. ಮಕ್ಕಳ ರಕ್ಷಣೆಯ ನಿಯಮಗಳನ್ನು ಕಲಿಸದೆ ಮಕ್ಕಳ ನಡುವೆ ಕೆಲಸಕ್ಕೆ ಕಳಿಸುವ ಸಂಸ್ಥೆಯನ್ನು ನಂಬಬೇಡಿ.

ವೀಸಾ ಮತ್ತು ಕಾನೂನು

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಟೂರಿಸ್ಟ್ ವೀಸಾ ತೆಗೆದುಕೊಂಡು ಹೋಗಿ ಮಿಷನರಿ ಕೆಲಸ ಮಾಡಬಹುದು ಎಂದು ಕೆಲವರು ಹೇಳಿಕೊಡುತ್ತಾರೆ. ಬಹಳಷ್ಟು ದೇಶಗಳಲ್ಲಿ ಅದು ವೀಸಾ ಷರತ್ತನ್ನು ಮುರಿದಂತೆ. ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ, ಮುಂದೆ ಓದಲು, ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಅದು ಅಡ್ಡ ಬರುತ್ತದೆ.

ಅಮೆರಿಕದಲ್ಲಿ ಇದಕ್ಕೆಂದೇ ಆರ್-1 ಎಂಬ ವೀಸಾ ಇದೆ. ಅದಕ್ಕೂ ಮುಂಚಿನ ಎರಡು ವರ್ಷ ಅದೇ ಪಂಗಡದ ಸದಸ್ಯರಾಗಿರಬೇಕು. ಮೊದಲು 30 ತಿಂಗಳವರೆಗೆ ಕೊಡುತ್ತಾರೆ, ಒಟ್ಟು ಐದು ವರ್ಷ ಮೀರುವಂತಿಲ್ಲ. ಬ್ರಿಟನ್ನಿನ ರಿಲಿಜಿಯಸ್ ವರ್ಕರ್ ವೀಸಾ 24 ತಿಂಗಳವರೆಗೆ ಸಿಗುತ್ತದೆ. ಎರಡು ಕಡೆಯೂ ಅಲ್ಲಿಯ ಸಭೆಯೋ ಸಂಸ್ಥೆಯೋ ಮುಂದೆ ನಿಂತು ಕಾಗದ ಪತ್ರ ಮಾಡಬೇಕು.

ಪಕ್ಕದ ನೇಪಾಳದ ಕಾನೂನು ತೀರಾ ಬೇರೆ. 2015ರ ಸಂವಿಧಾನವೇ ಒಬ್ಬರನ್ನು ಇನ್ನೊಂದು ಧರ್ಮಕ್ಕೆ ಮತಾಂತರಿಸುವುದನ್ನು ತಡೆಯುತ್ತದೆ. 2018ರಿಂದ ಜಾರಿಯಲ್ಲಿರುವ ದಂಡ ಸಂಹಿತೆ ಅದಕ್ಕೆ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ. ರಷ್ಯಾ 2016ರಲ್ಲಿ ಮಿಷನರಿ ಕೆಲಸದ ಮೇಲೆ ಬಿಗಿ ನಿಯಮ ತಂದಿತು. ಗಲ್ಫ್ ದೇಶಗಳಲ್ಲಿ ಮುಸ್ಲಿಮರಿಗೆ ಬೇರೆ ಧರ್ಮ ಬೋಧಿಸುವುದು ಕಾನೂನಿಗೆ ವಿರುದ್ಧ. ಅಲ್ಲಿ ಕೆಲವು ದೇಶಗಳಲ್ಲಿ ಚರ್ಚುಗಳಿವೆ, ಆದರೆ ಅವು ಈಗಾಗಲೇ ಕ್ರೈಸ್ತರಾಗಿರುವ ವಲಸಿಗರಿಗಾಗಿ. "ದುಬೈನಲ್ಲಿ ಚರ್ಚ್ ಇದೆಯಲ್ಲ, ಪ್ರಚಾರ ಮಾಡಿದರೇನು" ಅನ್ನುವ ಮಾತು ಕೇಳಿದರೆ ಈ ವ್ಯತ್ಯಾಸ ನೆನಪಿರಲಿ.

ನಮ್ಮ ದೇಶಕ್ಕೆ ಬರುವವರಿಗೂ ನಿಯಮ ಇದೆ. ಭಾರತ ಮಿಷನರಿ ವೀಸಾ ಕೊಡುತ್ತದೆ, ಆದರೆ ಮತಾಂತರದ ಪ್ರಚಾರ ಸೇರದ ಕೆಲಸಕ್ಕೆ ಮಾತ್ರ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಅದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ತನ್ನ ಮನಸ್ಸು ಒಪ್ಪಿದ ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಒಬ್ಬರ ಮಾತು ಹೇಳುವ ಸ್ವಾತಂತ್ರ್ಯ ಮತ್ತು ಇನ್ನೊಬ್ಬರ ಮನಸ್ಸಿನ ಸ್ವಾತಂತ್ರ್ಯ, ಈ ಎರಡರ ನಡುವೆ ಗೆರೆ ಎಲ್ಲಿ ಎಂಬುದೇ ಎಲ್ಲ ದೇಶಗಳಲ್ಲೂ ನಡೆಯುವ ವಾದ.

ಕಾನೂನು ಮೀರಿದರೆ ಏನಾಗಬಹುದು ಎಂಬುದಕ್ಕೆ 2018ರ ನವೆಂಬರ್ ಘಟನೆ ಸಾಕ್ಷಿ. ಅಮೆರಿಕದ 26 ವರ್ಷದ ಜಾನ್ ಅಲೆನ್ ಚೌ, ಹೋಗಬಾರದೆಂದು ನಿಷೇಧವಿದ್ದ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಮೀನುಗಾರರ ದೋಣಿಯಲ್ಲಿ ಹೋದ. ದ್ವೀಪದವರು ಅವನನ್ನು ಕೊಂದರು. ಕರೆದೊಯ್ದ ಮೀನುಗಾರರು ಜೈಲು ಕಂಡರು. ಹೊರಗಿನ ರೋಗಗಳನ್ನು ತಡೆಯುವ ಶಕ್ತಿ ಇಲ್ಲದ ಆ ದ್ವೀಪದ ಜನರಿಗೂ ಅಪಾಯ ತಂದ ಪ್ರಯಾಣ ಅದು. ಹೋಗುವವರ ಧೈರ್ಯದ ಬೆಲೆಯನ್ನು ಬೇರೆಯವರು ತೆರುವಂತಾಗಬಾರದು.

ಹಣ ಎಲ್ಲಿಂದ ಬರುತ್ತದೆ?

ಹೆಚ್ಚಿನ ಯುವ ಮಿಷನರಿಗಳಿಗೆ ಸಂಬಳ ಇರುವುದಿಲ್ಲ. ಊಟ, ವಸತಿ, ಸಣ್ಣ ಕೈಖರ್ಚು ಅಷ್ಟೇ. ಕ್ಯಾಥೋಲಿಕ್ ಸಿಸ್ಟರ್, ಫಾದರ್‌ಗಳನ್ನು ಅವರ ಸಂಸ್ಥೆ ನೋಡಿಕೊಳ್ಳುತ್ತದೆ. ಪ್ರೊಟೆಸ್ಟೆಂಟ್ ಸಂಸ್ಥೆಗಳಲ್ಲಿ ಎಷ್ಟೋ ಸಲ ಹೋಗುವವರೇ ಸಭೆಯವರು, ನೆಂಟರು, ಗೆಳೆಯರಿಂದ ತಿಂಗಳಿಗಿಷ್ಟು ಎಂದು ಮಾತು ಪಡೆದು ಹಣ ಹೊಂದಿಸಬೇಕು. ಮಾರ್ಮನ್ ಹುಡುಗರು ತಾವೇ ಉಳಿಸಿ, ಮನೆಯವರೂ ಸೇರಿ ತಿಂಗಳ ಮೊತ್ತ ಕಟ್ಟುತ್ತಾರೆ.

ಬರೆದ ಲೆಕ್ಕ ಕೇಳಿ. ಹೋಗುವ ಟಿಕೆಟ್ ಯಾರದು? ಬರುವ ಟಿಕೆಟ್? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ತುರ್ತಾಗಿ ಬರಬೇಕಾದರೆ? ಆಸ್ಪತ್ರೆ ವಿಮೆ ಎಷ್ಟರದು? "ದೇವರು ನೋಡಿಕೊಳ್ಳುತ್ತಾನೆ" ಎಂಬ ನಂಬಿಕೆ ಒಳ್ಳೆಯದೇ. ಅದನ್ನು ಹೇಳಿ ಲೆಕ್ಕ ತಪ್ಪಿಸುವ ಸಂಸ್ಥೆ ಒಳ್ಳೆಯದಲ್ಲ.

ಮೋಸದವರೂ ಇದ್ದಾರೆ. "ಚರ್ಚ್ ಕೆಲಸಕ್ಕೆ ಕೆನಡಾ ವೀಸಾ, ಮೂರು ಲಕ್ಷ ಕಟ್ಟಿ" ಎಂಬ ವಾಟ್ಸಾಪ್ ಸಂದೇಶ ಬಂದರೆ ಅಲ್ಲೇ ನಿಲ್ಲಿ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಕೆಲಸದ ಹೆಸರಿನಲ್ಲಿ ಏಜೆಂಟರು ಬಂದರೆ ಅವರು ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಅಲ್ಲಿ ದಿನ ಹೇಗೆ ಕಳೆಯುತ್ತದೆ?

ಬೆಳಿಗ್ಗೆ ಬೇಗ ಏಳುವುದು, ಪ್ರಾರ್ಥನೆ, ಬೈಬಲ್ ಓದು, ಭಾಷೆಯ ಪಾಠ. ಆಮೇಲೆ ಕೆಲಸ: ಶಾಲೆ, ಆಸ್ಪತ್ರೆ, ಮನೆ ಭೇಟಿ, ಯುವಕರ ಸಭೆ. ಸಂಜೆ ಅಡುಗೆ, ಬಟ್ಟೆ. ಮನೆಯಲ್ಲಿ ಒಂದು ಲೋಟ ತೊಳೆಯದ ಹುಡುಗರೂ ಅಲ್ಲಿ ಅಡುಗೆ ಕಲಿಯುತ್ತಾರೆ.

ಹೊಸ ದೇಶದಲ್ಲಿ ಮನಸ್ಸಿಗೆ ಆಗುವ ಆಘಾತಕ್ಕೆ ಕಲ್ಚರ್ ಶಾಕ್ ಎನ್ನುತ್ತಾರೆ. ಕಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ 1950ರ ದಶಕದಲ್ಲಿ ಇದರ ಹಂತಗಳನ್ನು ವಿವರಿಸಿದ. ಮೊದಲು ಎಲ್ಲವೂ ಚಂದ. ಆಮೇಲೆ ಎಲ್ಲದರ ಮೇಲೂ ಸಿಟ್ಟು. ನಿಧಾನಕ್ಕೆ ಒಗ್ಗಿಕೊಳ್ಳುವುದು, ಕೊನೆಗೆ ಅಲ್ಲಿಯ ಜೀವನ ಸಹಜವಾಗುವುದು. ನಲವತ್ತು ಡಿಗ್ರಿ ಬಿಸಿಲಲ್ಲಿ ಬೆಳೆದವರು ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಚಳಿ ದೇಶಕ್ಕೆ ಹೋದರೆ ಎರಡನೇ ಹಂತ ಜೋರಾಗಿಯೇ ಬರುತ್ತದೆ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ನೆನೆದು ಅಳುವುದು ನಾಚಿಕೆಯ ವಿಷಯವಲ್ಲ. ಆದರೆ ನಿದ್ದೆ ಬಾರದೆ, ಊಟ ಸೇರದೆ, ಯಾರ ಜೊತೆಯೂ ಮಾತು ಬೇಡವಾಗಿ ವಾರಗಟ್ಟಲೆ ಕಳೆದರೆ ಡಾಕ್ಟರನ್ನು ಕಾಣಬೇಕು. "ನಂಬಿಕೆ ಕಡಿಮೆಯಾಗಿದೆ" ಎಂದು ಬೈಯುವುದರಿಂದ ಅದು ಗುಣವಾಗುವುದಿಲ್ಲ.

ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಗುವ ಮುಂಚೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವ ಹತ್ತು ದಿನ ಮೊದಲೇ ಹಾಕಿಸಬೇಕು, ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಆ ದೇಶಗಳಿಂದ ಭಾರತಕ್ಕೆ ವಾಪಸ್ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ವಾಪಸ್ ಬಂದ ಮೇಲೆ

ಇದರ ಬಗ್ಗೆ ಯಾರೂ ಮೊದಲೇ ಯೋಚಿಸುವುದಿಲ್ಲ. ಹೋದಾಗ ಆದಂಥದೇ ಆಘಾತ ಬಂದಾಗಲೂ ಆಗುತ್ತದೆ. ಊರು ಹಾಗೇ ಇದೆ, ತಾನು ಬದಲಾಗಿದ್ದೇನೆ ಅನ್ನಿಸುತ್ತದೆ. ಗೆಳೆಯರು ಕೆಲಸ ಹಿಡಿದು ಮದುವೆಯಾಗಿರುತ್ತಾರೆ. ಸಭೆಯವರು ಒಂದು ಭಾನುವಾರ ಮುಂದೆ ನಿಲ್ಲಿಸಿ, ಹಾರ ಹಾಕಿ, ಸಾಕ್ಷಿ, ಅಂದರೆ ನಂಬಿಕೆಯ ಅನುಭವ, ಹೇಳಿಸಿ ಮರೆತುಬಿಡುತ್ತಾರೆ. ಒಳ್ಳೆಯ ಸಂಸ್ಥೆಗಳು ಬಂದವರನ್ನು ಕೂರಿಸಿಕೊಂಡು ಏನಾಯಿತು, ಏನು ಕಷ್ಟವಾಯಿತು ಎಂದು ಸಮಾಧಾನವಾಗಿ ಕೇಳುತ್ತವೆ. ಅದಕ್ಕೆ ಸಮಯ ಇಟ್ಟಿದ್ದಾರೆಯೇ ಎಂದು ಹೊರಡುವಾಗಲೇ ವಿಚಾರಿಸಿ.

ಕೆಲಸಕ್ಕೆ ಅರ್ಜಿ ಹಾಕುವಾಗ ಆ ಎರಡು ವರ್ಷ ಏನು ಮಾಡಿದಿರಿ ಎಂದು ಕೇಳುತ್ತಾರೆ. ಮಾಡಿದ ಕೆಲಸ, ಕಲಿತ ಭಾಷೆ, ಅವಧಿ ಎಲ್ಲವನ್ನೂ ಲೆಟರ್‌ಹೆಡ್ಡಿನ ಮೇಲೆ ಬರೆಸಿಕೊಳ್ಳಿ. ಮಲೇರಿಯಾ ಇರುವ ದೇಶದಲ್ಲಿದ್ದವರು ಬಂದು ಕೆಲವು ತಿಂಗಳಾದ ಮೇಲೆ ಜ್ವರ ಬಂದರೂ ಎಲ್ಲಿದ್ದೆವು ಎಂದು ಡಾಕ್ಟರಿಗೆ ಹೇಳಬೇಕು. ಆ ದೇಶದ ಪೊಲೀಸರಿಂದ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು (ಅಪರಾಧದ ದಾಖಲೆ ಇಲ್ಲ ಎಂಬ ಪತ್ರ) ಅಲ್ಲಿಂದ ಹೊರಡುವ ಮುಂಚೆಯೇ ಪಡೆದುಕೊಳ್ಳಿ. ಮುಂದೆ ಬೇರೆ ದೇಶದ ವೀಸಾಕ್ಕೆ ಅದನ್ನು ಕೇಳುವುದುಂಟು. ಬಳ್ಳಾರಿಯಲ್ಲಿ ಕೂತು ತರಿಸುವುದಕ್ಕಿಂತ ಅಲ್ಲಿದ್ದಾಗಲೇ ಮಾಡಿಸುವುದು ಸುಲಭ.